ಗುತ್ತಿಗೆದಾರ ಪಾಪರೆದ್ದರೆ ಅರ್ಧ ಕಟ್ಟಿದ ಮನೆಯ ಗತಿಯೇನು?

(ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಇಂದಿನ ಕಾರ್ಯಕ್ರಮ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ಕೊಟ್ಟಿಗೆ ನಿರ್ಮಾಣ’ ಎಂದು ಅಚ್ಚಾಗಿದೆ. ಕೊಟ್ಟಿಗೆಯ ನೆಲ ಎಷ್ಟು ಇಳಿಜಾರಿರಬೇಕು, ಗೋದಲಿ ಎಷ್ಟು ಎತ್ತರವಿರಬೇಕು ಎಂಬುದನ್ನು ನೀವು ಹಲವು ಶಿಬಿರಗಳಲ್ಲಿ ಕೇಳಿದ್ದೀರಿ. ಅದನ್ನು ಬಿಟ್ಟು, ಮನೆಯಾಗಲಿ ಕೊಟ್ಟಿಗೆಯಾಗಲಿ ಅರ್ಧಕ್ಕೆ ನಿಂತಾಗ ಏನು ಮಾಡಬೇಕೆಂಬುದನ್ನೇ ಇಂದು ಹೇಳಬಯಸುತ್ತೇನೆ. ನಾನು ವಕೀಲನಲ್ಲ, ದನದ ಡಾಕ್ಟರು. ಆದರೆ ಹಸುವಿಗೆ ಕಾಯಿಲೆಯೆಂದು ಕರೆ ಬಂದು ಹೋದಾಗ, ಕಂಬದ ತುದಿಯಲ್ಲಿ ಕಬ್ಬಿಣ ಚಾಚಿಕೊಂಡು ತುಕ್ಕು ಹಿಡಿದು ನಿಂತಿರುವ ಮನೆಗಳನ್ನು ಊರೂರಲ್ಲಿ ಕಾಣುತ್ತೇನೆ. ಯಜಮಾನರನ್ನು ಕೇಳಿದರೆ, ‘ಕಂಟ್ರಾಕ್ಟರು ಕೈ ಎತ್ತಿಬಿಟ್ಟ ಸಾರ್’ ಎನ್ನುತ್ತಾರೆ. ಆರು ತಿಂಗಳು ಕಳೆದು ಹೋದರೆ ಮನೆ ಹಾಗೇ ಇರುತ್ತದೆ, ಹಸು ಇರುವುದಿಲ್ಲ. ಛಾವಣಿ ಹಾಕಿಸಲು ಮಾರಿದ್ದಾಗಿರುತ್ತದೆ. ಹೀಗಾಗಿ ಇದು ನನ್ನ ಇಲಾಖೆಯ ವಿಷಯವೂ ಹೌದು.

ಗುತ್ತಿಗೆದಾರ ಮುಳುಗುವುದು ಹೇಗೆ? ಬಹುಪಾಲು ಜನ ಮೋಸ ಮಾಡಬೇಕೆಂದೇ ಬಂದವರಲ್ಲ. ಒಂದೇ ಕಾಲಕ್ಕೆ ಐದಾರು ಮನೆ ಒಪ್ಪಿಕೊಂಡಿರುತ್ತಾನೆ. ನಿಮ್ಮ ಮುಂಗಡದಲ್ಲಿ ಇನ್ನೊಬ್ಬರ ಮೋಲ್ಡ್, ಅವರ ಹಣದಲ್ಲಿ ಮತ್ತೊಬ್ಬರ ಗಾರೆ, ಹೀಗೆ ಇವನ ಟೋಪಿ ಅವನ ತಲೆಗೆ ಹಾಕುತ್ತ ಕೆಲಸ ಸಾಗುತ್ತದೆ. ಎಲ್ಲೋ ಒಂದು ಸರ್ಕಾರಿ ಬಿಲ್ಲು ನಿಂತರೆ, ಕಬ್ಬಿಣದ ಬೆಲೆ ಏರಿದರೆ, ಕೈಸಾಲದ ಬಡ್ಡಿ ಬೆಳೆದರೆ ಸರಪಳಿ ಕಡಿದು ಐದೂ ಮನೆ ಒಂದೇ ವಾರದಲ್ಲಿ ನಿಲ್ಲುತ್ತವೆ. ಇದರ ಲಕ್ಷಣ ಮೊದಲೇ ಕಾಣುತ್ತದೆ. ಹತ್ತು ಆಳು ಬರುತ್ತಿದ್ದ ಕಡೆ ಮೂವರು ಬರುತ್ತಾರೆ. ಸಿಮೆಂಟು ಲೋಡಿನ ಬದಲು ಐದು ಹತ್ತು ಚೀಲವಾಗಿ ಬರುತ್ತದೆ. ಲಿಂಟಲ್ ಮುಗಿಯುವ ಮುನ್ನವೇ ಮೋಲ್ಡಿನ ದುಡ್ಡು ಕೇಳುತ್ತಾನೆ. ಕೊನೆಗೆ ಅಂಗಡಿಯವರು ಅವನನ್ನು ಹುಡುಕಿಕೊಂಡು ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ. ಇಷ್ಟು ಕಂಡ ದಿನವೇ ಮುಂದಿನ ಕಂತು ನಿಲ್ಲಿಸಬೇಕು. ಮೇವು ಬಿಟ್ಟ ಹಸುವನ್ನು ನಾಳೆ ನೋಡೋಣ ಎಂದು ನೀವು ಬಿಡುತ್ತೀರಾ?

ಕೆಲಸ ನಿಂತಿತು. ಮೊದಲ ವಾರ ಏನು ಮಾಡಬೇಕು? ಜಗಳ ಬೇಡ. ಅವನ ಬೈಕು ಹಿಡಿದಿಟ್ಟುಕೊಳ್ಳುವುದು, ಮಿಕ್ಸರಿಗೆ ಬೀಗ ಹಾಕುವುದು ಬೇಡ. ಅದರಿಂದ ಬರುವುದು ಪೊಲೀಸ್ ದೂರು ಮಾತ್ರ. ನೀವು ಮಾಡಬೇಕಾದದ್ದು ಅಳತೆ. ತಾಲ್ಲೂಕಿನಲ್ಲಿ ಒಬ್ಬ ಸಿವಿಲ್ ಇಂಜಿನಿಯರನ್ನು ಕರೆತಂದು, ಪಾಯದಿಂದ ಹಿಡಿದು ಈವರೆಗೆ ಆದ ಕೆಲಸವನ್ನೆಲ್ಲ ಅಳೆಯಿಸಿ, ಅದರ ಮೌಲ್ಯವನ್ನೂ ಉಳಿದ ಕೆಲಸದ ಅಂದಾಜನ್ನೂ ಬರೆಸಿ ಸಹಿ ಹಾಕಿಸಿಕೊಳ್ಳಿ. ಎಲ್ಲ ಮೂಲೆಯ ಫೋಟೋ ತೆಗೆಯಿರಿ. ಸ್ಥಳದಲ್ಲಿರುವ ಇಟ್ಟಿಗೆ, ಕಬ್ಬಿಣ, ಸಿಮೆಂಟು ಚೀಲಗಳನ್ನು ಎಣಿಸಿ ಇಬ್ಬರು ನೆರೆಯವರ ಸಮಕ್ಷಮ ಪಟ್ಟಿ ಮಾಡಿ. ಹೊಸ ಮೇಸ್ತ್ರಿ ಬಂದು ಒಂದು ವರಸೆ ಇಟ್ಟಿಗೆ ಇಟ್ಟನೆಂದರೆ, ಹಳಬ ಎಷ್ಟು ಮಾಡಿದ್ದ ಎಂಬ ಸಾಕ್ಷಿ ಅಳಿಸಿಹೋಗುತ್ತದೆ. ವ್ಯಾಜ್ಯ ನ್ಯಾಯಾಲಯದಲ್ಲಿದ್ದರೆ ಸ್ಥಳ ತನಿಖೆಗೆ ಕಮಿಷನರನ್ನು ನೇಮಿಸಿರೆಂದು ಕೇಳಲೂ ಅವಕಾಶವಿದೆ.

ಇದೇ ವಾರದಲ್ಲಿ ಇನ್ನೊಂದು ಅಪಾಯವಿದೆ. ಮೋಲ್ಡ್ ಹಾಕಿ ಮೂರು ದಿನವಾಗಿರುತ್ತದೆ, ಗುತ್ತಿಗೆದಾರ ನಾಪತ್ತೆ. ಸೆಂಟ್ರಿಂಗ್ ಬಾಡಿಗೆಗೆ ಕೊಟ್ಟವನು ತನ್ನ ಶೀಟು, ಬೊಂಬು ಕೀಳಲು ಬರುತ್ತಾನೆ. ಅವು ಅವನ ವಸ್ತು, ಕೊಡಲೇಬೇಕು. ಆದರೆ ಆ ದಿನವಲ್ಲ. ಭಾರತೀಯ ಮಾನಕ 456ರ ಪ್ರಕಾರ ಸುಮಾರು 15 ಅಡಿಯೊಳಗಿನ ಹರವಿನ ಛಾವಣಿಯ ಆಸರೆಯನ್ನು ಕನಿಷ್ಠ 7 ದಿನ, ಅದಕ್ಕೂ ಅಗಲವಾದರೆ 14 ದಿನ ತೆಗೆಯಕೂಡದು. ತೊಲೆಗಳ ಅಡಿಯ ಆಸರೆ 20 ಅಡಿಯೊಳಗಾದರೆ 14 ದಿನ, ಮೇಲಾದರೆ 21 ದಿನ ಇರಬೇಕು. ಇದು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಲೆಕ್ಕ. ಪಿ.ಪಿ.ಸಿ. ಚೀಲವಾದರೆ ಇನ್ನೂ ತಡೆಯುವುದು ಕ್ಷೇಮ. ಆದ್ದರಿಂದ ಉಳಿದ ದಿನಗಳ ಬಾಡಿಗೆಯನ್ನು ನೀವೇ ಕೊಟ್ಟು ರಶೀದಿ ಪಡೆಯಿರಿ. ಆ ಮೊತ್ತವೂ ನಿಮ್ಮ ನಷ್ಟದ ಲೆಕ್ಕಕ್ಕೆ ಸೇರುತ್ತದೆ. ನೀರುಣಿಸುವುದನ್ನು ನಿಲ್ಲಿಸಬೇಡಿ, ಏಳು ದಿನ, ಪಿ.ಪಿ.ಸಿ.ಗೆ ಹತ್ತು ದಿನವಾದರೂ ಆಗಲೇಬೇಕು. ಚಾಚಿದ ಕಂಬಿಗೆ ಸಿಮೆಂಟ್ ಹಾಲು ಬಳಿದರೆ ತುಕ್ಕು ತಡೆಯುತ್ತದೆ. ಉಳಿದ ಸಿಮೆಂಟು ಚೀಲ ಮೂರು ತಿಂಗಳು ದಾಟಿದರೆ ಪರೀಕ್ಷಿಸದೆ ಕಂಬಕ್ಕೆ, ಛಾವಣಿಗೆ ಬಳಸಬೇಡಿ.

ಅಳತೆಯಾದ ಮೇಲೆ ನೋಟೀಸು. ‘ಇಂಥ ದಿನದಿಂದ ಕೆಲಸ ನಿಂತಿದೆ, 15 ದಿನದೊಳಗೆ ಆರಂಭಿಸದಿದ್ದರೆ ಕರಾರು ರದ್ದು ಮಾಡಿ ಬೇರೆಯವರಿಂದ ಮಾಡಿಸಿ, ಹೆಚ್ಚುವರಿ ವೆಚ್ಚವನ್ನು ನಿಮ್ಮಿಂದ ವಸೂಲು ಮಾಡುತ್ತೇನೆ’ ಎಂದು ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಶೀದಿ ಇಟ್ಟುಕೊಳ್ಳಿ. 1872ರ ಭಾರತೀಯ ಕರಾರು ಕಾಯಿದೆಯ 39ನೇ ಕಲಮಿನಂತೆ, ಒಬ್ಬ ತನ್ನ ಪಾಲಿನ ಕೆಲಸವನ್ನು ಪೂರ್ತಿಯಾಗಿ ಮಾಡಲು ನಿರಾಕರಿಸಿದರೆ ಇನ್ನೊಬ್ಬ ಕರಾರು ಮುಗಿಸಬಹುದು. 73ನೇ ಕಲಮಿನಂತೆ ನಷ್ಟ ಕೇಳಬಹುದು. ಕರಾರು ಪತ್ರವೇ ಇಲ್ಲ, ಬಾಯಿ ಮಾತಿನ ಮೇಲೆ ಕೊಟ್ಟದ್ದು ಎನ್ನುವವರೂ ಎದೆಗುಂದಬೇಕಿಲ್ಲ. ಬಾಯಿ ಕರಾರೂ ಕರಾರೇ. ಬ್ಯಾಂಕಿನಿಂದ ಹೋದ ಹಣದ ಪಟ್ಟಿ, ಮೊಬೈಲಿನಲ್ಲಿ ಅವನು ಕಳುಹಿಸಿದ ಸಂದೇಶ, ಚೀಟಿಯ ಮೇಲೆ ಬರೆದುಕೊಟ್ಟ ಲೆಕ್ಕ ಇವೆಲ್ಲ ಪುರಾವೆ. ನಗದು ಕೊಟ್ಟು ಚೀಟಿಯನ್ನೂ ಪಡೆಯದವರ ಪಾಡು ಮಾತ್ರ ಕಷ್ಟ.

ನಷ್ಟ ಎಷ್ಟು ಎಂಬುದರಲ್ಲಿ ಬಹಳ ಮಂದಿ ಎಡವುತ್ತಾರೆ. ಒಂದು ಲೆಕ್ಕ ಹಿಡಿಯೋಣ. ಮನೆಯ ಗುತ್ತಿಗೆ ರೂ. 12 ಲಕ್ಷ. ನೀವು ಕೊಟ್ಟದ್ದು ರೂ. 7.50 ಲಕ್ಷ. ಇಂಜಿನಿಯರು ಅಳೆದಾಗ ಆದ ಕೆಲಸದ ಮೌಲ್ಯ ರೂ. 5 ಲಕ್ಷ. ಉಳಿದ ಕೆಲಸ ಹಳೆಯ ದರದಲ್ಲಿ ರೂ. 7 ಲಕ್ಷದ್ದು, ಹೊಸಬ ಕೇಳುವುದು ರೂ. 8.30 ಲಕ್ಷ. ಈಗ ನಿಮ್ಮ ನಷ್ಟ 7.50 ಲಕ್ಷವಲ್ಲ. ಹೆಚ್ಚಾಗಿ ಕೊಟ್ಟ 2.50 ಲಕ್ಷ, ದರದ ವ್ಯತ್ಯಾಸ 1.30 ಲಕ್ಷ, ಒಟ್ಟು ರೂ. 3.80 ಲಕ್ಷ. ಇದರ ಮೇಲೆ ತಡವಾದ ತಿಂಗಳುಗಳ ಮನೆ ಬಾಡಿಗೆಯಂಥದ್ದನ್ನು ರಶೀದಿ ಸಹಿತ ಕೇಳಬಹುದು. ಕೊಟ್ಟ ಹಣವೆಲ್ಲ ವಾಪಸು ಬೇಕೆಂದು ಹಟ ಹಿಡಿದು ಹೋದವರು, ಆದ ಕೆಲಸದ ಲೆಕ್ಕ ಎದುರಿಗೆ ಬಂದಾಗ ಮಾತು ತಪ್ಪಿದವರಂತೆ ಕಾಣುತ್ತಾರೆ. ಹಾಗೆಯೇ, ನಷ್ಟ ತಗ್ಗಿಸಲು ನಿಮ್ಮ ಕೈಲಾದುದನ್ನು ಮಾಡಿದ್ದೀರಾ ಎಂದೂ ಕಾಯಿದೆ ನೋಡುತ್ತದೆ. ಎರಡು ವರ್ಷ ಸುಮ್ಮನೆ ಕುಳಿತು, ಆಮೇಲೆ ಏರಿದ ದರವನ್ನೆಲ್ಲ ಅವನ ತಲೆಗೆ ಕಟ್ಟಲಾಗದು.

ಇನ್ನು ಪಾಪರಿನ ಮಾತು. ‘ನಾನು ಪಾಪರಾಗಿದ್ದೇನೆ, ಏನು ಬೇಕಾದರೂ ಮಾಡಿಕೊಳ್ಳಿ’ ಎಂದು ಬಾಯಲ್ಲಿ ಹೇಳಿದ ಮಾತ್ರಕ್ಕೆ ಯಾರೂ ಪಾಪರಾಗುವುದಿಲ್ಲ. ನಮ್ಮ ಕಡೆಯ ಗುತ್ತಿಗೆದಾರರು ಹೆಚ್ಚಾಗಿ ಕಂಪನಿಯಲ್ಲ, ಒಂಟಿ ವ್ಯಕ್ತಿಗಳು. ಇಂಥವರಿಗೆ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯಿದೆ. ಅವನು ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಆಸ್ತಿ ಮತ್ತು ಸಾಲದ ಪಟ್ಟಿ ಕೊಟ್ಟು, ನ್ಯಾಯಾಲಯ ದಿವಾಳಿಯೆಂದು ಆದೇಶ ಮಾಡಬೇಕು. ಅಲ್ಲಿಯವರೆಗೆ ಅವನು ಬರಿಯ ಸಾಲಗಾರ. ನೀವು ದಾವೆ ಹೂಡಬಹುದು. ಅವನು ಆಸ್ತಿ ಮಾರಿ ಕೈ ತೊಳೆದುಕೊಳ್ಳುವ ಸೂಚನೆ ಇದ್ದರೆ ತೀರ್ಪಿಗೆ ಮೊದಲೇ ಜಪ್ತಿ ಕೇಳಬಹುದು. ದಾವೆಗೆ ಕಾಲಮಿತಿ 3 ವರ್ಷ.

ದಿವಾಳಿ ಆದೇಶವಾದ ಮೇಲೆ ದಾರಿ ಬದಲಾಗುತ್ತದೆ. ಆಗ ನ್ಯಾಯಾಲಯದ ಅನುಮತಿಯಿಲ್ಲದೆ ಅವನ ಮೇಲೆ ಹೊಸ ದಾವೆ ಹೂಡುವಂತಿಲ್ಲ. ಅವನ ಆಸ್ತಿ ರಿಸೀವರ್ ಕೈಗೆ ಹೋಗುತ್ತದೆ. ನೀವು ನಿಮ್ಮ ಬಾಕಿಯನ್ನು ಅಲ್ಲಿ ಸಾಬೀತುಪಡಿಸಿ ಪಟ್ಟಿಗೆ ಸೇರಿಸಿಕೊಳ್ಳಬೇಕು. ಅವನು ಕೊಟ್ಟ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ನೀವೇ ಹೋಗಬೇಕು. ಅಡಮಾನ ಹಿಡಿದ ಬ್ಯಾಂಕು ತನ್ನ ಒತ್ತೆಯನ್ನು ಬಿಡುವುದಿಲ್ಲ. ಸರ್ಕಾರದ ತೆರಿಗೆಗೆ, ಕಾಯಿದೆ ಹೇಳಿದಷ್ಟರ ಮಟ್ಟಿಗೆ ಕೂಲಿಕಾರರಿಗೆ ಮೊದಲ ಪಾಲು. ಉಳಿದುದು ಮಿಕ್ಕವರಿಗೆ ಬಾಕಿಯ ಪ್ರಮಾಣಕ್ಕೆ ತಕ್ಕಂತೆ. ರೂಪಾಯಿಗೆ ಹತ್ತಾಣೆ ಬರುವುದೆಂದು ನಂಬಿ ಕೂರಬೇಡಿ. ಆದರೂ ಎರಡು ಸಂಗತಿ ನಿಮ್ಮ ಪರವಾಗಿವೆ. ಅರ್ಜಿಗೆ ಮುಂಚಿನ ಎರಡು ವರ್ಷದೊಳಗೆ ಅವನು ಹೆಂಡತಿಗೋ ಭಾವಮೈದುನನಿಗೋ ಬೆಲೆ ಪಡೆಯದೆ ಬರೆದುಕೊಟ್ಟ ಆಸ್ತಿಯನ್ನು ನ್ಯಾಯಾಲಯ ಹಿಂದಕ್ಕೆ ತರಬಹುದು. ಮತ್ತು ನೀವು ಅವನಿಗೆ ಕೊಡಬೇಕಾದುದು, ಅವನು ನಿಮಗೆ ಕೊಡಬೇಕಾದುದು ಎರಡನ್ನೂ ವಜಾ ಹಾಕಿ ಉಳಿಕೆಯನ್ನು ಮಾತ್ರ ಲೆಕ್ಕ ಹಿಡಿಯುತ್ತಾರೆ. ಅಂದರೆ ನಿಮ್ಮ ಕೈಯಲ್ಲಿ ಉಳಿದಿರುವ ಹಣಕ್ಕಿಂತ ಒಳ್ಳೆಯ ಭದ್ರತೆ ಬೇರೆ ಯಾವುದೂ ಇಲ್ಲ.

ಗುತ್ತಿಗೆದಾರ ನೋಂದಾಯಿತ ಕಂಪನಿಯಾಗಿದ್ದರೆ 2016ರ ದಿವಾಳಿ ಸಂಹಿತೆ ಅನ್ವಯಿಸುತ್ತದೆ. ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಅರ್ಜಿ ಒಪ್ಪಿಕೊಂಡ ದಿನದಿಂದ ಕಂಪನಿಯ ಮೇಲಿನ ದಾವೆಗಳಿಗೆಲ್ಲ ತಡೆ ಬೀಳುತ್ತದೆ. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಅದರಲ್ಲಿ ಹೇಳಿದ ಗಡುವಿನೊಳಗೆ ನಿಮ್ಮ ಹಕ್ಕುಪತ್ರ ಸಲ್ಲಿಸಬೇಕು.

ನಮ್ಮ ಸದಸ್ಯರಿಗೆ ಹೆಚ್ಚು ಹತ್ತಿರವಾದ ಬಾಗಿಲು ಜಿಲ್ಲಾ ಗ್ರಾಹಕ ಆಯೋಗ. ಮನೆ ಕಟ್ಟಿಕೊಡುವುದು ‘ಸೇವೆ’ ಎಂದು ಸರ್ವೋಚ್ಚ ನ್ಯಾಯಾಲಯ 1993ರಲ್ಲೇ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲೂ ಮನೆ ನಿರ್ಮಾಣ ಸೇರಿದೆ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. 5 ಲಕ್ಷದವರೆಗೆ ಶುಲ್ಕವಿಲ್ಲ, ಅದರ ಮೇಲೆ 10 ಲಕ್ಷದವರೆಗೆ ರೂ. 200. ಆದರೆ ಎರಡು ವರ್ಷದೊಳಗೆ ಹೋಗಬೇಕು. ದಿನಗೂಲಿ ಕೊಟ್ಟು ನಿಮ್ಮ ಮೇಲ್ವಿಚಾರಣೆಯಲ್ಲೇ ಕೆಲಸ ಮಾಡಿಸಿದ್ದರೆ ಈ ದಾರಿ ಕಷ್ಟ. ಕೊಟ್ಟಿಗೆಯ ವಿಷಯದಲ್ಲಿ, ಅದು ವ್ಯಾಪಾರಕ್ಕೆ ಕಟ್ಟಿಸಿದ್ದು ಎಂದು ಎದುರು ಕಡೆಯವರು ವಾದಿಸಬಹುದು. ನಿಮ್ಮ ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕಟ್ಟಿಸಿದ್ದೆಂದು ದೂರಿನಲ್ಲೇ ಸ್ಪಷ್ಟವಾಗಿ ಬರೆಯಿರಿ. ನಾಲ್ಕು ಹಸುವಿನವರಿಗೂ ನೂರು ಹಸುವಿನ ಡೈರಿಗೂ ಇಲ್ಲಿ ವ್ಯತ್ಯಾಸವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಪೊಲೀಸ್ ಠಾಣೆಗೆ ಹೋಗಬಹುದೇ ಎಂದು ಎಲ್ಲರೂ ಕೇಳುತ್ತಾರೆ. ‘ಇದು ಸಿವಿಲ್ ವ್ಯವಹಾರ’ ಎಂದು ಅಲ್ಲಿ ಹೇಳಿದರೆ ನಿಮಗೆ ಕೋಪ ಬರುತ್ತದೆ, ಆದರೆ ಅನೇಕ ಸಲ ಅವರು ಹೇಳುವುದು ಸರಿ. ದುಡ್ಡಿಲ್ಲದೆ ಕೆಲಸ ನಿಲ್ಲಿಸಿದ್ದು ಅಪರಾಧವಲ್ಲ. ಹಣ ಪಡೆಯುವಾಗಲೇ ಕಟ್ಟುವ ಉದ್ದೇಶವಿರಲಿಲ್ಲ ಎಂದು ತೋರಿಸಬಲ್ಲಿರಾದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು, ನೀವು ತಂದುಕೊಟ್ಟ ಕಬ್ಬಿಣ ಸಿಮೆಂಟನ್ನು ಅವನು ಬೇರೆಡೆ ಮಾರಿಕೊಂಡಿದ್ದರೆ 316ನೇ ಕಲಮು ಅನ್ವಯಿಸಬಹುದು. ಅವನು ಚೆಕ್ ಕೊಟ್ಟು ಅದು ವಾಪಸಾದರೆ ಮಾತು ಬೇರೆ. ಬ್ಯಾಂಕಿನ ಮಾಹಿತಿ ಬಂದ 30 ದಿನದೊಳಗೆ ಲಿಖಿತ ನೋಟೀಸು, ಅದು ತಲುಪಿದ 15 ದಿನದಲ್ಲಿ ಹಣ ಕೊಡದಿದ್ದರೆ ನಂತರದ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು. ಈ ದಿನಗಳನ್ನು ಕ್ಯಾಲೆಂಡರಿನಲ್ಲಿ, ಹಸುವಿಗೆ ಗರ್ಭಧಾರಣೆ ಮಾಡಿಸಿದ ದಿನದಂತೆ ಗುರುತು ಹಾಕಿಡಿ.

ಸಿಮೆಂಟ್ ಅಂಗಡಿಯವರು ಬಂದು, ‘ನಿಮ್ಮ ಮನೆಗೆ ಹಾಕಿದ ಮಾಲು, ನೀವೇ ಕೊಡಿ’ ಎನ್ನಬಹುದು. ಗುತ್ತಿಗೆದಾರನ ಲೆಕ್ಕದಲ್ಲಿ ಉದ್ದರಿ ಕೊಟ್ಟದ್ದಕ್ಕೆ, ನೀವು ಸಹಿಯನ್ನಾಗಲಿ ಭರವಸೆಯನ್ನಾಗಲಿ ಕೊಡದ ಹೊರತು, ನೀವು ಹೊಣೆಯಲ್ಲ. ಕೂಲಿಯವರ ವಿಷಯ ಬೇರೆ. ಎರಡು ವಾರ ಬಿಸಿಲಲ್ಲಿ ದುಡಿದು ಬರಿಗೈಲಿ ಹೋಗುವವರನ್ನು ಕಂಡು ನೀವು ಏನಾದರೂ ಕೊಟ್ಟರೆ ನಾನು ಬೇಡ ಎನ್ನುವುದಿಲ್ಲ. ‘ಇಂಥ ಗುತ್ತಿಗೆದಾರನ ಲೆಕ್ಕದಲ್ಲಿ ಕೂಲಿ ಪಡೆದಿದ್ದೇವೆ’ ಎಂದು ಸಹಿ ಮಾಡಿಸಿಕೊಳ್ಳಿ.

ಮೋಸಗಾರನಲ್ಲದ, ಕೈ ಬರಿದಾದ ಗುತ್ತಿಗೆದಾರ ಎದುರಿಗೆ ಬಂದು ಕೂತರೆ ಅವನನ್ನು ಓಡಿಸಬೇಡಿ. ಗೊಡ್ಡು ಹಸುವನ್ನು ಹಿಂಡಿದರೆ ಹಾಲು ಬಾರದು, ಆದರೆ ಅವನ ಕೈಯಲ್ಲಿ ಕಸುಬಿದೆ. ಮಾಲನ್ನು ನೀವೇ ತರುವುದು, ಆಳುಗಳಿಗೆ ವಾರದ ಕೂಲಿ ನೀವೇ ಬಟವಾಡೆ ಮಾಡುವುದು, ಅವನು ನಿಂತು ಕೆಲಸ ಮಾಡಿಸುವುದು, ಹಿಂದಿನ ಬಾಕಿಯ ಹಕ್ಕು ಬಿಟ್ಟುಕೊಟ್ಟಿಲ್ಲ ಎಂದು ಹೊಸ ಕರಾರು ಬರೆಸುವುದು. ಹೀಗೆ ಮುಗಿದ ಮನೆಗಳನ್ನು ನಾನು ಕಂಡಿದ್ದೇನೆ. ಕೋರ್ಟಿನಿಂದ ಬರುವ ಹಣಕ್ಕಿಂತ ಇದು ಬೇಗ. ಬಾಕಿಗೆ ಬದಲಾಗಿ ಅವನ ಸೈಟು, ಟ್ರ್ಯಾಕ್ಟರು ಬರೆಸಿಕೊಳ್ಳುವ ಮುನ್ನ ಮಾತ್ರ ಅದರ ಮೇಲೆ ಬ್ಯಾಂಕಿನ ಸಾಲವಿದೆಯೇ ನೋಡಿ. ದಿವಾಳಿ ಅರ್ಜಿಗೆ ಮುಂಚಿನ ಮೂರು ತಿಂಗಳೊಳಗೆ ಉಳಿದ ಸಾಲಿಗರನ್ನು ಬಿಟ್ಟು ಒಬ್ಬರಿಗೇ ಒಲವು ತೋರಿ ಕೊಟ್ಟ ಆಸ್ತಿಯನ್ನು ನ್ಯಾಯಾಲಯ ರದ್ದು ಮಾಡಬಲ್ಲದು.

ಬ್ಯಾಂಕ್ ಸಾಲದಲ್ಲಿ ಕಟ್ಟಿಸುತ್ತಿದ್ದರೆ ಮೊದಲ ವಾರದಲ್ಲೇ ವ್ಯವಸ್ಥಾಪಕರಿಗೆ ಬರೆದು ತಿಳಿಸಿ, ಉಳಿದ ಕಂತನ್ನು ಗುತ್ತಿಗೆದಾರನಿಗೆ ಬಿಡಬೇಡಿ ಎನ್ನಿ. ಮನೆ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಹಸುವಿನ ಮಾತು ಬರುವುದು ಇಲ್ಲೇ. ದಿನಕ್ಕೆ 10 ಲೀಟರ್ ಕೊಡುವ ಹಸು, ಲೀಟರಿಗೆ ರೂ. 35 ಎಂದು ಲೆಕ್ಕಕ್ಕೆ ಹಿಡಿದರೆ ತಿಂಗಳಿಗೆ ರೂ. 10,500. ಅರ್ಧ ಮೇವು, ಹಿಂಡಿಗೆ ಹೋದರೂ ಐದು ಸಾವಿರದ ಮೇಲೆ ಕೈಲಿ ನಿಲ್ಲುತ್ತದೆ. ಆ ಕಂತನ್ನು ಕಟ್ಟುತ್ತಿರುವುದೇ ಅದು. ಅದನ್ನು ಮಾರಿ ಛಾವಣಿ ಹಾಕಿದರೆ ಮುಂದಿನ ತಿಂಗಳ ಕಂತಿಗೆ ಎಲ್ಲಿಗೆ ಹೋಗುತ್ತೀರಿ? ಎರಡು ಕೋಣೆ, ಅಡಿಗೆಮನೆಗೆ ಮಾತ್ರ ಶೀಟು ಹೊದಿಸಿ ಒಳಗೆ ಹೋಗಿ. ಗಾರೆ, ಬಣ್ಣ ಮುಂದಿನ ವರ್ಷಕ್ಕಿರಲಿ. ನೆಂಟರ ಮಾತಿಗೆ ಹೆದರಿ ಹಸು ಮಾರುವುದನ್ನು ನಾನು ಒಪ್ಪುವುದಿಲ್ಲ.

ನಿಂತ ಕಟ್ಟಡದೊಳಗೆ ದನ ಕಟ್ಟುವುದನ್ನೂ ಒಪ್ಪುವುದಿಲ್ಲ. ಸೆಂಟ್ರಿಂಗ್ ಮೊಳೆ, ಬೈಂಡಿಂಗ್ ವೈರಿನ ತುಂಡು ಹುಲ್ಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಹಸು ಅಗಿಯದೆ ನುಂಗುವ ಪ್ರಾಣಿ, ನಾಲಿಗೆಗೆ ತಂತಿ ತಿಳಿಯುವುದಿಲ್ಲ. ಅದು ಎರಡನೆಯ ಹೊಟ್ಟೆಯಲ್ಲಿ ನಿಂತು ಚುಚ್ಚುತ್ತದೆ, ಅಲ್ಲಿಂದ ಹೃದಯಕ್ಕೆ ಅಂಗೈ ದೂರವೂ ಇಲ್ಲ. ಹಾಲು ಒಮ್ಮೆಲೇ ಇಳಿಯುವುದು, ಬೆನ್ನು ಬಾಗಿಸಿ ಮೊಣಕೈ ಹೊರಚಾಚಿ ನಿಲ್ಲುವುದು, ಇಳಿಜಾರಿನಲ್ಲಿ ನರಳುವುದು, ಕೊನೆಗೆ ಗಂಗೆದೊಗಲಿನಲ್ಲಿ ನೀರೂತ. ಅಷ್ಟು ಹೊತ್ತಿಗೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಕೆಲಸ ನಿಂತ ದಿನವೇ ಒಂದು ದೊಡ್ಡ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಅಂಗಳವೆಲ್ಲ ಎಳೆಯಿರಿ. ಕ್ಯೂರಿಂಗ್ ತೊಟ್ಟಿಗೆ ಮುಚ್ಚಳ ಹಾಕಿ, ಕರು ಬಿದ್ದೀತು.

ಮಕ್ಕಳು ಬೆಂಗಳೂರಿನಲ್ಲಿ ಫ್ಲ್ಯಾಟು ಕೊಂಡವರಿದ್ದೀರಿ. ಅದಕ್ಕೆ 2016ರ ರೇರಾ ಕಾಯಿದೆಯಿದೆ. ಬಿಲ್ಡರ್ ಮನೆ ಒಪ್ಪಿಸದಿದ್ದರೆ ಬಡ್ಡಿ ಸಹಿತ ವಾಪಸು ಕೇಳಬಹುದು. 2018ರಿಂದ ದಿವಾಳಿ ಪ್ರಕ್ರಿಯೆಯಲ್ಲಿ ಮನೆ ಕೊಂಡವರಿಗೂ ಹಣಕಾಸು ಸಾಲಿಗರ ಸ್ಥಾನವಿದೆ. ಆಮ್ರಪಾಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ನಿಂತ ಕಟ್ಟಡಗಳನ್ನು ಮುಗಿಸುವ ಕೆಲಸವನ್ನು ಸರ್ಕಾರಿ ಸಂಸ್ಥೆ ಎನ್.ಬಿ.ಸಿ.ಸಿ.ಗೆ ವಹಿಸಿತು. ಆದರೆ ನಿಮ್ಮ ಸ್ವಂತ ನಿವೇಶನದಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸುವ ಮನೆಗೆ ರೇರಾ ಬರುವುದಿಲ್ಲ.

ಇನ್ನೂ ಕಟ್ಟಬೇಕೆಂದಿರುವವರಿಗೆ ಒಂದು ಮಾತು. ಸಂಘದಲ್ಲಿ ಹಾಲು ಅಳೆಯದೆ, ಫ್ಯಾಟು ನೋಡದೆ ಯಾರಿಗೂ ದುಡ್ಡು ಕೊಡುವುದಿಲ್ಲ. ನಾಳೆ ತರುತ್ತೇನೆಂಬ ಹಾಲಿಗಂತೂ ಇಲ್ಲವೇ ಇಲ್ಲ. ಗುತ್ತಿಗೆಯಲ್ಲೂ ಹಾಗೆಯೇ ಬರೆಸಿ. ಪಾಯ ಮುಗಿದ ಮೇಲೆ ಪಾಯದ ಹಣ, ಲಿಂಟಲ್ ಮುಗಿದ ಮೇಲೆ ಲಿಂಟಲಿನದು, ಪ್ರತಿ ಬಿಲ್ಲಿನಲ್ಲೂ ಶೇ. 5ರಿಂದ 10 ತಡೆಹಿಡಿದು ಎಲ್ಲ ಮುಗಿದ ಮೇಲೆ ಕೊಡುವುದು. ಮುಂಗಡ ಕೇಳಿದರೆ ಹಣದ ಬದಲು ಕಬ್ಬಿಣ, ಸಿಮೆಂಟನ್ನೇ ನಿಮ್ಮ ಹೆಸರಿನ ಬಿಲ್ಲಿನಲ್ಲಿ ತಂದು ಇಳಿಸಿ.

ವಕೀಲರ ಶುಲ್ಕಕ್ಕೆ ಹೆದರಿ ಸುಮ್ಮನಿರಬೇಡಿ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯಿದೆ. 1987ರ ಕಾಯಿದೆಯಂತೆ ಎಲ್ಲ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಉಳಿದವರಿಗೆ ಆದಾಯದ ಮಿತಿಯುಂಟು. ಮನೆ ಹೆಂಗಸರ ಹೆಸರಿನಲ್ಲಿದ್ದು ಕರಾರಿಗೂ ಅವರೇ ಸಹಿ ಹಾಕಿದ್ದರೆ ಅವರೇ ಹೋಗಲಿ. ದಾವೆ ಹೂಡುವ ಮುನ್ನವೇ ಲೋಕ ಅದಾಲತ್ತಿನಲ್ಲಿ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುವ ಅವಕಾಶವಿದೆ. ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ಸಹಾಯವಾಣಿ 15100. ಹೋಗುವಾಗ ಕರಾರು ಪತ್ರ, ಬ್ಯಾಂಕಿನ ಪಟ್ಟಿ, ಇಂಜಿನಿಯರ ಅಳತೆ, ಫೋಟೋಗಳು, ನೋಟೀಸಿನ ನಕಲು ಮತ್ತು ಅಂಚೆ ರಶೀದಿಯನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಜೆರಾಕ್ಸ್ ಎರಡು ಪ್ರತಿ ಇರಲಿ, ಅಸಲನ್ನು ಯಾರಿಗೂ ಕೊಟ್ಟು ಬರಬೇಡಿ.